ಪೆನ್‌ಡ್ರೈವ್ ಹಾಶಿಮನ ಮಾಯಾ ಓಣಿ

ಗುತ್ತೇದಾರ ಮರಿಲಿಂಗಪ್ಪ ತಾನು ಸತ್ತ ಸುದ್ದಿಯನ್ನು ಓದಿದ್ದು ಭೀಮರಾಯನಗುಡಿಯ ಕ್ರಾಸಿನಲ್ಲಿ, ಬುಲೆಟ್ ಗಾಡಿಯ ಮೇಲೆ ಕೂತು, ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡು. ತಾಳೆಮರ ನಾಚುವಷ್ಟು ಎತ್ತರದ ಬ್ಯಾನರ್. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ನಡುವೆ ಹೂವಿನ ಹಾರದೊಳಗೆ ಅವನದೇ ಬೋಳುತಲೆ, ಅವನದೇ ಕಪ್ಪು ಕನ್ನಡಕ, ಅವನದೇ ನಗು. ಹೆಸರು ಮಾತ್ರ ಬೇರೆ: ನಿವೃತ್ತ ಕಾಲುವೆ ಮೇಸ್ತ್ರಿ ದಿವಂಗತ ತಿಮ್ಮಣ್ಣ. ಅದೇ ಹೊತ್ತಿಗೆ ಸುರಪುರದಾಚೆ ಬೋನಾಳದ ದಾರಿಯಲ್ಲಿ, ಹೋದ ವಾರ ನಿಜಕ್ಕೂ ತೀರಿಕೊಂಡಿದ್ದ ತಿಮ್ಮಣ್ಣ ದಟ್ಟ ಕೂದಲು ಬಾಚಿಕೊಂಡು, ಒಂದು ಸಿಂಹ, ಒಂದು ಹೆಲಿಕಾಪ್ಟರ್ ಮತ್ತು ಲೆಕ್ಕವಿಲ್ಲದಷ್ಟು ಪಟಾಕಿಗಳ ನಡುವೆ ನಿಂತಿದ್ದರು. ಅವರ ತಲೆಯ ಮೇಲೆ 'ಜನಮೆಚ್ಚಿದ ನಾಯಕ ಮರಿಲಿಂಗಪ್ಪನವರಿಗೆ ಹುಟ್ಟುಹಬ್ಬದ ಶುಭಾಶಯಗಳು, ನೂರು ಕಾಲ ಬಾಳಿರಿ' ಎಂದಿತ್ತು.

ಸುದ್ದಿ ಹಬ್ಬಿದ ವೇಗಕ್ಕೆ ಕೃಷ್ಣಾ ನದಿಯ ಪ್ರವಾಹವೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕಿತ್ತು. ಮರಿಲಿಂಗಪ್ಪನ ಮನೆಯ ಮುಂದೆ ಜೀಪು, ಟಂಟಂ, ಟ್ರ್ಯಾಕ್ಟರ್ ಎಲ್ಲ ಸಾಲುಗಟ್ಟಿದವು. ಹೆಂಡತಿ ಹಣಮಮ್ಮ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಹೌದ್ರಿ, ಹೋಗ್ಯಾರ. ಯಾದಗಿರಿಗಿ ಹೋಗ್ಯಾರ, ಆ ಬ್ಯಾನರಿನವನ್ನ ಹೊಡಿಯಾಕ. ಸಂಜಿಗಿ ಬರ್ತಾರ."

ಬ್ಯಾನರಿನವರೆಂದರೆ ಜಮಾಲಸಾಬರು. ಯಾದಗಿರಿಯ ಕೋಟೆಯ ಕೆಳಗೆ ಅವರ ಫ್ಲೆಕ್ಸ್ ಪ್ರೆಸ್ಸು. ಆ ಕೋಟೆಯನ್ನು ಯಾರು ಕಟ್ಟಿದರೆಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ಜಮಾಲಸಾಬರ ಠೀವಿ ನೋಡಿದರೆ ಮೊದಲು ಅಂಗಡಿ ಬಂತು, ಆಮೇಲೆ ಅದಕ್ಕೆ ನೆರಳಾಗಲೆಂದು ಗುಡ್ಡ ಬಂತು ಅನ್ನಿಸುತ್ತದೆ. ಮುದ್ರಿಸುವ ದೊಡ್ಡ ಮಷಿನ್ ಇರುವುದು ಇಲ್ಲೊಂದೇ. ಶಹಾಪುರದಲ್ಲಿ ಬಬ್ಲು, ಸುರಪುರದಲ್ಲಿ ಸಂಘಮಿತ್ರಾ, ಒಂದೊಂದು ಕಂಪ್ಯೂಟರ್ ಇಟ್ಟುಕೊಂಡು ಗಿರಾಕಿಗಳನ್ನು ಕೂರಿಸಿ ಡಿಸೈನ್ ಮಾಡುತ್ತಾರೆ. ಮಾಡಿದ್ದು ಯಾದಗಿರಿಗೆ ಬರಬೇಕು.

ಮೊದಲು ಅದನ್ನು ತರುತ್ತಿದ್ದವನು ಪ್ರೆಸ್ಸಿನ ಹುಡುಗ ಹಾಶಿಮ. ಎದೆಯ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು, ಬೆಳಗ್ಗೆ ಸುರಪುರದ ಬಸ್ಸು, ಮಧ್ಯಾಹ್ನ ಶಹಾಪುರದ ಬಸ್ಸು, ಮೆಣಸಿನಕಾಯಿ ಚೀಲದ ಮೇಲೆ ಕೂತು ಸೀನುತ್ತ ಸೀನುತ್ತ ಭೀಮಾ ಸೇತುವೆ ದಾಟುತ್ತಿದ್ದ. ಅವನ ಸೀನಿಗೆ ಸೇತುವೆಯ ಒಂದು ಕಂಬ ಬಾಗಿದೆ ಎಂಬ ಮಾತಿದೆ. ಕಂಡಕ್ಟರುಗಳಿಗೆ ಅವನ ಹೆಸರೇ ಮರೆತುಹೋಗಿತ್ತು. "ಏ ಪೆನ್‌ಡ್ರೈವ್, ಒಳಗ ಸರಿ" ಅನ್ನುತ್ತಿದ್ದರು. ನಿಕಾಹಿಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಹುಡುಗಿಯ ಸೋದರಮಾವ, "ಬಂದ್ರಾ ಪೆನ್‌ಡ್ರೈವ್ ಸಾಹೇಬ್ರು" ಎಂದು ನಕ್ಕುಬಿಟ್ಟ. ಅಂದು ರಾತ್ರಿ ಹಾಶಿಮ, ಇನ್ನು ಪೆನ್‌ಡ್ರೈವ್ ಹೊತ್ತು ಬಸ್ಸು ಹತ್ತುವುದಿಲ್ಲ ಎಂದು ಕಸಮ್ ತಿಂದ.

ಆ ಕಸಮಿನಿಂದ ಹುಟ್ಟಿದ್ದೇ ಮಾಯಾ ಓಣಿ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರುಗಳಿವೆ. ಹಾಶಿಮ ಜಮಾಲಸಾಬರಿಗೆ ವಿವರಿಸಿದ್ದು ಹೀಗೆ: "ಚಾಚಾ, ಇಂಟರ್ನೆಟ್ ಅಂದ್ರ ದೊಡ್ಡ ಬಜಾರು, ಎಲ್ಲಾರೂ ಅಡ್ಡಾಡತಾರ. ಆ ಬಜಾರಿನಾಗ ನಮ್ಮದೇ ಒಂದು ಓಣಿ. ಅದರಾಗ ನಮ್ಮವೇ ಮೂರು ಮನಿ. ಒಂದು ಮನಿ ಕಿಡಕಿಯಿಂದ ಇನ್ನೊಂದು ಮನಿಗಿ ನೇರ ಕೈಚಾಚಿ ಫೈಲ್ ಕೊಡಬಹುದು. ನಡುವ ಯಾರೂ ಇಲ್ಲ, ಕಂಡಕ್ಟರೂ ಇಲ್ಲ." ವಾಟ್ಸಾಪಿನಲ್ಲಿ ಕಳಿಸಿದರೆ ನಾಯಕರ ಮುಖ ಸಾಬೂದಾಣಿ ಉಪ್ಪಿಟ್ಟಿನಂತೆ ಒಡೆದುಹೋಗುತ್ತಿತ್ತು. ಇಮೇಲ್ ಅಂತೂ ಅಷ್ಟು ದೊಡ್ಡ ಫೈಲನ್ನು ಮೂಸಿ ನೋಡಿ ಹಿಂದಕ್ಕೆ ತಳ್ಳುತ್ತಿತ್ತು. ಓಣಿ ಬಂದ ಮೇಲೆ ಸುರಪುರದ ಬ್ಯಾನರ್ ಯಾದಗಿರಿಯ ಪರದೆಯ ಮೇಲೆ ಮನೆಯ ಬೆಕ್ಕಿನ ಹಾಗೆ ಬಂದು ಕೂರತೊಡಗಿತು. ಹಾಶಿಮ ಶರಟಿನ ಮೇಲಿನ ಗುಂಡಿ ಬಿಚ್ಚಿ ಓಡಾಡತೊಡಗಿದ. ಜನ ಅವನನ್ನು ನೆಟ್‌ವರ್ಕ್ ಹಾಶಿಮ ಎಂದರು. ಅನ್ನದವರಿಗೆ ಅವನೇ ಹೇಳಿಕೊಟ್ಟ.

ಈಗ ಅದೇ ಓಣಿಯಿಂದ ಸತ್ತವರು ಹುಟ್ಟುಹಬ್ಬಕ್ಕೆ, ಇದ್ದವರು ಶ್ರದ್ಧಾಂಜಲಿಗೆ ಹೋಗಿ ನಿಂತಿದ್ದರು.

ಮರಿಲಿಂಗಪ್ಪ ಪ್ರೆಸ್ಸಿಗೆ ನುಗ್ಗಿ, ಸ್ಟೂಲ್ ಎಳೆದುಕೊಂಡು ಕೂತ. ಸ್ಟೂಲ್ ಕಿರುಗುಟ್ಟಿತು. "ಜಮಾಲಸಾಬ್ರ, ನಾ ಬದುಕೀನೋ ಸತ್ತೀನೋ, ನೀವೇ ನೋಡಿ ಹೇಳ್ರಿ."

"ಗುತ್ತೇದಾರ ಸಾಹೇಬ್ರ, ನೀವು ನೂರು ವರ್ಷ..."

"ಅದು ತಿಮ್ಮಣ್ಣಗ ಬರ್ದೀರಿ. ನನಗ ಬರ್ದಿದ್ದು ಬ್ಯಾರೆ ಅದ. ಇವತ್ತ ಸಂಜಿ ನಮ್ಮ ಮನಿ ಮುಂದ ಊಟ. ಮಂದಿ ಅಳ್ಕೋತ ಬರಬಾರ್ದು, ನಕ್ಕೋತ ಬರ್ಬೇಕು. ನನ್ನ ಬ್ಯಾನರ್ ನನ್ನ ತಲಿ ಸಹಿತ ನನ್ನ ಕಣ್ಮುಂದ ಪ್ರಿಂಟ್ ಆಗ್ಬೇಕು. ಇಲ್ಲಂದ್ರ ನಾಳಿಂದ ನನ್ನ ಮಂದಿ ಎಲ್ಲಾರೂ ಕಲಬುರಗಿ ಪ್ರೆಸ್ಸಿಗಿ."

ಜಮಾಲಸಾಬರು ಹಾಶಿಮನ ಕಡೆಗೆ ತಿರುಗಿದರು. ಅವರು ಸಿಟ್ಟಿಗೆದ್ದರೆ ಮನೆಯ ಮಾತಿಗಿಳಿಯುತ್ತಾರೆ. "ಕ್ಯಾ ರೇ ಹಾಶಿಮ, ಏನದ ಇದು? ತಿಮ್ಮಣ್ಣನ ಹೆಂಡ್ತಿ ಮಲ್ಲಾಬಾಯಿಗಿ ಮುಂಜಾನಿಂದ ಕೈಮುಗಿದು ಮುಗಿದು ನನಗ ಸಾಕಾಗ್ಯಾದ."

"ಆಯಮ್ಮ ಏನಂದಳ್ರಿ ಚಾಚಾ?"

"ಭೀಮರಾಯನಗುಡೀದು ಇಳಸ್ರಿ, ಬೋನಾಳದ್ದು ಬಿಡ್ರಿ ಅಂದಳು. ನಮ್ಮ ಮನಿಯವರು ಜಲ್ಮದಾಗ ಹುಟ್ಟುಹಬ್ಬ ಮಾಡ್ಕೊಂಡಿಲ್ಲ, ಹೆಲಿಕಾಪ್ಟರ್ ಭಾಳ ಚಂದ ಕಾಣಸ್ತದ ಅಂತ. ಅದು ಇರ್ಲಿ. ನಿನಗ ಒಂದೇ ಮಾತು. ಸಂಜಿ ಒಳಗ ಸಾಹೇಬ್ರ ಬ್ಯಾನರ್ ನಿನ್ನ ಓಣಿಯಿಂದ ಸರಿ ಬರ್ಬೇಕು. ಬರಲಿಲ್ಲಂದ್ರ ಓಣಿ ಬಂದ್. ನಾಳಿ ಮೊದಲನೇ ಬಸ್ಸು, ನಿನ್ನ ಪೆನ್‌ಡ್ರೈವು."

ಮೆಣಸಿನಕಾಯಿ ಚೀಲದ ಘಾಟು ಅಲ್ಲಿಯೇ ಹಾಶಿಮನ ಮೂಗಿಗೆ ಬಡಿಯಿತು. ಅವನು ಎರಡು ಫೋನುಗಳನ್ನು ಮೇಜಿನ ಮೇಲಿಟ್ಟು, ಒಂದರಲ್ಲಿ ಶಹಾಪುರ ಇನ್ನೊಂದರಲ್ಲಿ ಸುರಪುರ ಹಿಡಿದು, ಸ್ಪೀಕರ್ ಹಚ್ಚಿದ.

"ಬಬ್ಲು, ನಿನ್ನ ಪರದಿ ಮ್ಯಾಲ ಓಣಿ ಲೈಟ್ ಯಾ ಬಣ್ಣ?"

"ಹಸರು ಭಾಯ್. ಗಿಳಿ ಹಸರು." ಶಹಾಪುರದ ಬೆಟ್ಟದ ಮೇಲೆ ಬುದ್ಧ ಮಲಗಿದ್ದಾನೆ ಎನ್ನುತ್ತಾರೆ. ಬೆಟ್ಟದ ಕೆಳಗೆ ಅವನಿಗಿಂತ ಗಾಢವಾಗಿ ಮಲಗುತ್ತಿದ್ದವನು ಬಬ್ಲು. ಅವನ ಮಾತು ಯಾವಾಗಲೂ ಆಕಳಿಕೆಯಿಂದ ಶುರುವಾಗುತ್ತಿತ್ತು.

"ಸಂಘಮಿತ್ರಾ, ನಿಂದು?"

"ನಂದೂ ಹಸರೇ ಹಾಶಿಮಣ್ಣ. ನಿಮ್ಮ ಮಾರಿ ಯಾ ಬಣ್ಣ ಆಗ್ಯಾದ?"

"ನನ್ನ ಮಾರಿ ಬಿಡು. ಮರಿಲಿಂಗಪ್ಪನವರ ಬ್ಯಾನರ್ ತೆರೀತೀನಿ ನೋಡು."

ತೆರೆದ. ಸಿಂಹ ಬಂತು, ಹೆಲಿಕಾಪ್ಟರ್ ಬಂತು, ನಡುವೆ ತಿಮ್ಮಣ್ಣ ಬಂದರು. ಮುಚ್ಚಿ ಮತ್ತೆ ತೆರೆದ. ಮರಿಲಿಂಗಪ್ಪ ಬಂದ, ಆದರೆ ಸಿಂಹವಿರಲಿಲ್ಲ, ಕೊರಳಲ್ಲಿ ಶ್ರದ್ಧಾಂಜಲಿಯ ಹಾರವಿತ್ತು. ಹುಟ್ಟುಹಬ್ಬ ಸಂಘಮಿತ್ರಾಳ ಕೆಲಸ, ಶ್ರದ್ಧಾಂಜಲಿ ಬಬ್ಲುವಿನದು. ಈಗ ಡಿಸೈನ್ ಒಂದು ಊರಿನಿಂದ, ಅದರೊಳಗಿನ ಮುಖ ಇನ್ನೊಂದು ಊರಿನಿಂದ. ಇಬ್ಬರೂ ಡಿಸೈನರುಗಳು ದೊಡ್ಡ ಮುಖಕ್ಕೆ 'ಮೇನ್ ಫೋಟೋ' ಎಂದೇ ಹೆಸರಿಡುತ್ತಿದ್ದರು. ಮುಖ ತರಲು ಹೋದ ಯಾದಗಿರಿಯ ಮಷಿನ್ ಯಾರ ಮನೆಗೆ ಹೊಕ್ಕಿತೋ ಅಲ್ಲಿಯ ಮೇನ್ ಫೋಟೋ ಎತ್ತಿಕೊಂಡು ಬರುತ್ತಿತ್ತು.

"ನಿಂದು ಓಣಿ ಅಲ್ಲಪ್ಪ, ಸ್ಮಶಾನದ ದಾರಿ," ಎಂದ ಮರಿಲಿಂಗಪ್ಪ.

ಹಾಶಿಮ ಮೊದಲು ಮೂರೂ ಕಂಪ್ಯೂಟರ್ ಆರಿಸಿ ಹಚ್ಚಿಸಿದ. ಜಗತ್ತಿನ ಅರ್ಧ ರೋಗ ಅದರಿಂದಲೇ ವಾಸಿಯಾಗುತ್ತದೆ. ಇದು ಇನ್ನರ್ಧದ ಪೈಕಿ. ಆಮೇಲೆ ಕಂಪ್ಯೂಟರಿನ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ತಡೆಯುವ ಫೈರ್‌ವಾಲ್ ಎಂಬ ಚೌಕಿದಾರನನ್ನು ಮೂರೂ ಊರಲ್ಲಿ ಎಬ್ಬಿಸಿ ಹೊರಗೆ ಕಳಿಸಿದ. ಬ್ಯಾನರ್ ತೆರೆದರೆ ತಿಮ್ಮಣ್ಣ, ಈ ಸಲ ಇನ್ನೂ ಬೇಗ ಬಂದರು.

"ಈಗ ಗೊತ್ತಾತು," ಎಂದು ಹಾಶಿಮ ಘೋಷಿಸಿದ. ಅವನಿಗೆ ಏನೂ ಗೊತ್ತಾಗಿರಲಿಲ್ಲ. "ಸುರಪುರದ ಮೊಬೈಲ್ ಇಂಟರ್ನೆಟ್‌ದಾಗ ಊರ ಮಂದಿಗೆಲ್ಲಾ ಒಂದೇ ಹೊರಬಾಗಲ. ಅದಕ್ಕ ನೇರ ಕೈಚಾಚಾಕ ಬರಂಗಿಲ್ಲ, ಫೈಲ್ ಸಿಂಗಾಪುರಕ್ಕ ಹೋಗಿ ಅಲ್ಲಿಂದ ತಿರಿಗಿ ಬರ್ತದ."

ಜಮಾಲಸಾಬರು ಎಲೆ-ಅಡಿಕೆ ನುಂಗಿದರು. "ಸುರಪುರದಿಂದ ಯಾದಗಿರಿಗಿ ಬರಾಕ ಸಿಂಗಾಪುರ ಯಾಕ? ನಾ ಹಜ್ಜಿಗೂ ಸಿಂಗಾಪುರ ಹಾದು ಹೋಗಿಲ್ಲ."

"ಅಲ್ಲೊಂದು ನಡುಮನಿ ಇರ್ತದ್ರಿ ಚಾಚಾ. ನೇರ ದಾರಿ ಸಿಗದಿದ್ದಾಗ ಅಲ್ಲಿಂದ ದಾಟಸ್ತಾರ."

"ಹಂಗಾರ ನನ್ನ ತಲಿ ವಿಮಾನದಾಗ ಹೋಗಿ ಬಂದದ," ಎಂದ ಮರಿಲಿಂಗಪ್ಪ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಬೆರೆತಿತ್ತು.

ಸಂಘಮಿತ್ರಾ ಮೊಬೈಲು ಬಿಟ್ಟು ಪಕ್ಕದ ಔಷಧಿ ಅಂಗಡಿಯ ಕೇಬಲ್ ಇಂಟರ್ನೆಟ್ಟಿಗೆ ಹಾರಿದಳು. ಸಿಂಗಾಪುರ ತಪ್ಪಿತು. ಫೈಲ್ ನೇರವಾಗಿ, ಸಿಡಿದ ಗುಂಡಿನಂತೆ ಬಂತು. ಅದರೊಳಗಿಂದ ತಿಮ್ಮಣ್ಣ ನಗುತ್ತಿದ್ದರು.

ಬಿಸಿಲು ಇಳಿಯತೊಡಗಿತ್ತು. ಯಾದಗಿರಿಯ ಬಿಸಿಲು ಇಳಿಯುವುದೆಂದರೆ ಕಬ್ಬಿಣ ಕರಗಿಸುವುದನ್ನು ನಿಲ್ಲಿಸಿ ಮನುಷ್ಯರನ್ನು ಮಾತ್ರ ಬೇಯಿಸುವುದು. ಹಾಶಿಮನ ಬೆವರಿಗೆ ಕೀಬೋರ್ಡು ಒದ್ದೆಯಾಯಿತು. ಕೊನೆಗೆ ಅವನು ಎಲ್ಲಕ್ಕಿಂತ ಹಳೆಯ ಉಪಾಯಕ್ಕೆ ಕೈಹಾಕಿದ: ಪಿಂಗ್. ಎಂದರೆ ಈ ಮಾಳಿಗೆಯ ಮೇಲೆ ನಿಂತು ಆ ಮಾಳಿಗೆಗೆ "ಓ" ಎಂದು ಕೂಗುವುದು. ಆ ಮನೆಯಲ್ಲಿ ಜೀವ ಇದ್ದರೆ ತಿರುಗಿ "ಓ" ಬರುತ್ತದೆ. ಸುರಪುರಕ್ಕೆ ಕೂಗಿದ. ಓ, ಓ, ಓ ಎಂದು ಪರದೆಯ ಮೇಲೆ ಸಾಲು ಇಳಿಯತೊಡಗಿತು.

"ಸಂಘಮಿತ್ರಾ, ನಿನ್ನ ಕಂಪ್ಯೂಟರ್ ಬಂದ್ ಮಾಡು."

"ಮಾಡ್ದೆ."

ಪರದೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಮತ್ತೆ: ಓ, ಓ, ಓ.

"ಖರೇನ ಬಂದ್ ಮಾಡಿದಿ?"

"ವಾಯರ್ ಕಿತ್ತು ಕೈಯಾಗ ಹಿಡಕೊಂಡೀನಿ ಹಾಶಿಮಣ್ಣ. ಫೋಟೋ ಕಳಿಸ್ಲೇನು?"

ಕರೆಂಟಿಲ್ಲದ ಕಂಪ್ಯೂಟರ್ ಓಗೊಡುತ್ತಿತ್ತು. ಹಾಶಿಮನ ತೋಳಿನ ರೋಮಗಳೆಲ್ಲ ಮುಳ್ಳುಹಂದಿಯ ಹಾಗೆ ಎದ್ದವು. ಮರಿಲಿಂಗಪ್ಪ ಸ್ಟೂಲಿನ ಸಮೇತ ಹಿಂದಕ್ಕೆ ಸರಿದು, "ಯಾರು ಮಾತಾಡಾಕತ್ತಾರ? ತಿಮ್ಮಣ್ಣೇನು?" ಎಂದ. ಜಮಾಲಸಾಬರ ತುಟಿಗಳು ಸದ್ದಿಲ್ಲದೆ ಏನೋ ಪಠಿಸತೊಡಗಿದವು. ಅದೇ ಗಳಿಗೆಯಲ್ಲಿ ಇನ್ನೊಂದು ಫೋನಿನಿಂದ ಆಕಳಿಕೆ ಕೇಳಿಸಿತು.

"ಭಾಯ್, ನಾ ಊಟಕ್ಕ ಹೋಗ್ತೀನಿ, ಮಷಿನ್ ಬಂದ್ ಮಾಡಾಕತ್ತೇನಿ," ಎಂದ ಬಬ್ಲು.

ಸುರಪುರದ "ಓ" ನಿಂತುಹೋಯಿತು.

ಹಾಶಿಮ ಪರದೆಯನ್ನೇ ನೋಡಿದ. "ಬಬ್ಲು, ತಿರಿಗಿ ಹಚ್ಚು." ಹಚ್ಚಿದ, ಸ್ವಲ್ಪ ಹೊತ್ತಿಗೆ ಸುರಪುರ ಓಗೊಟ್ಟಿತು. ಸುರಪುರವನ್ನು ಕೂಗಿದರೆ ಶಹಾಪುರ ಓ ಅನ್ನುತ್ತಿತ್ತು. ಹಾಶಿಮ ಓಣಿಯ ಕಾರಭಾರ ನಡೆಸುವ ಪುಟ ತೆಗೆದ. ಓಣಿಯಲ್ಲಿ ಯಾರು ಯಾರು ಇದ್ದಾರೆಂದು ಅಲ್ಲಿ ಕಾಣುತ್ತದೆ. ಮನೆ ಎರಡೇ ಇದ್ದವು. ಇಷ್ಟು ದಿನ ಅವನು ಅದನ್ನು ನೋಡಿ, ಪುಟ ತಾನಿರುವ ಯಾದಗಿರಿಯನ್ನು ಎಣಿಸಿಕೊಳ್ಳುವುದಿಲ್ಲ, ಉಳಿದವು ಶಹಾಪುರ ಮತ್ತು ಸುರಪುರ ಎಂದುಕೊಂಡಿದ್ದ. ಈಗ ಬೆರಳಿಟ್ಟು ನೋಡಿದ. ಒಂದು ಯಾದಗಿರಿಯೇ. ಇನ್ನೊಂದು ಮನೆಯಲ್ಲಿ ಎರಡು ಊರು ವಾಸವಾಗಿದ್ದವು.

ಇಲ್ಲಿ ಫ್ಲೆಕ್ಸ್ ದಂಧೆಯ ಒಂದು ಗುಟ್ಟು ಹೇಳಲೇಬೇಕು. ಈ ಮೂರು ತಾಲೂಕಿನಲ್ಲಿ ಹೊಸ ಬ್ಯಾನರನ್ನು ಯಾರೂ ಎಂದೂ ಮಾಡಿಲ್ಲ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮ ಒಂದೇ ಒಂದು ಬ್ಯಾನರ್ ಮಾಡಿದ. ಅದನ್ನು ತೆರೆದು, ತಲೆ ಬದಲಿಸಿ, ಹೆಸರು ಬದಲಿಸಿ, 'ಸೇವ್ ಆಸ್' ಒತ್ತುವುದು. ಅದೇ ಸಿಂಹ, ಅದೇ ಹೆಲಿಕಾಪ್ಟರ್. ಯಾದಗಿರಿ ಜಿಲ್ಲೆಯ ಸಮಸ್ತ ನಾಯಕರೂ ಒಂದೇ ಹೆಗಲಿನ ಮೇಲೆ ತಲೆ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಶಹಾಪುರದಲ್ಲಿ ಓಣಿ ಹಾಕಿ ಮುಗಿಸಿ ಸುರಪುರಕ್ಕೆ ಹಾಕುವಾಗ ಹಾಶಿಮ ಕಂಪ್ಯೂಟರಿಗೂ ಅದನ್ನೇ ಮಾಡಿದ್ದ. ಶಹಾಪುರದ ಕಂಪ್ಯೂಟರಿನ ಡಿಸ್ಕನ್ನು ಇಡಿಯಾಗಿ ಕಾಪಿ ಹೊಡೆದು, ಪರದೆಯ ಮೇಲಿನ ಚಿತ್ರ ಬದಲಿಸಿ, ಸುರಪುರ ಎಂದು ಹೆಸರಿಟ್ಟಿದ್ದ. ಡಿಸ್ಕಿನ ಜೊತೆ ಓಣಿಯ ಮನೆ ನಂಬರೂ, ಮನೆಯ ಗುಪ್ತ ಕೀಲಿಯೂ ಕಾಪಿಯಾಗಿ ಹೋಗಿದ್ದವು. ಓಣಿಗೆ ಅವೆರಡೂ ಒಂದೇ ಮನೆ. ಯಾರು ಕೊನೆಗೆ "ನಾ ಇಲ್ಲಿದ್ದೀನಿ" ಎಂದು ಕೂಗುತ್ತಾರೋ ಅವರ ಕಡೆ ದಾರಿ ತಿರುಗುತ್ತಿತ್ತು.

ಹಾಗಾದರೆ ಇಷ್ಟು ತಿಂಗಳು ಹೇಗೆ ನಡೆಯಿತು? ಸುರಪುರದ ಅಂಗಡಿಯ ಬೀದಿಯಲ್ಲಿ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಸಂಘಮಿತ್ರಾ ಬೆಳಗ್ಗೆಯೇ ಕೆಲಸ ಮುಗಿಸುತ್ತಿದ್ದಳು. ಬಬ್ಲು ಏಳುತ್ತಿದ್ದುದೇ ಮಧ್ಯಾಹ್ನ. ಒಂದೇ ಚಪ್ಪಲಿಯನ್ನು ಇಬ್ಬರು ಪಾಳಿಯಲ್ಲಿ ಮೆಟ್ಟಿಕೊಂಡಂತೆ ಸಂಸಾರ ಸಾಗಿತ್ತು. ಹೋದ ವಾರ ಜಮಾಲಸಾಬರು ಸುರಪುರಕ್ಕೊಂದು ಇನ್ವರ್ಟರ್ ತಂದು ಕೂರಿಸಿದರು. ಎರಡೂ ಅಂಗಡಿ ಒಂದೇ ಹೊತ್ತಿಗೆ ಬೆಳಗಿದವು.

"ಸಿಕ್ತೇನು?" ಎಂದರು ಜಮಾಲಸಾಬರು.

"ಸಿಕ್ತು ಚಾಚಾ. ನಿಮ್ಮ ಇನ್ವರ್ಟರ್‌ದಿಂದ."

"ಇನ್ವರ್ಟರ್ ಏನು ಮಾಡ್ತು?"

"ಕರೆಂಟ್ ಜಾಸ್ತಿ ಆಗ್ಯಾದ," ಎಂದ ಹಾಶಿಮ, ಕಣ್ಣು ಮಿಟುಕಿಸದೆ.

ಮದ್ದು ಸರಳ. ಎರಡರಲ್ಲಿ ಒಂದು ಕಂಪ್ಯೂಟರಿನ ಹಳೆಯ ಕೀಲಿ ಅಳಿಸಿದರೆ ಅದು ತಾನೇ ಹೊಸದನ್ನು ಹುಟ್ಟಿಸಿಕೊಳ್ಳುತ್ತದೆ. ಸುರಪುರದ್ದನ್ನು ಅಳಿಸುವುದೆಂದು ಹಾಶಿಮ ತೀರ್ಮಾನಿಸಿದ. ಸಂಘಮಿತ್ರಾಳಿಗೆ ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗುತ್ತೇದಾರರು ನೋಡುತ್ತಿದ್ದರು, ಒಂದಿಷ್ಟು ಕೈಚಳಕ ತೋರಿಸಬೇಡವೇ? ಅವಳ ಕಂಪ್ಯೂಟರ್ ಮತ್ತೆ ಹಚ್ಚಿಸಿ, "ನೋಡ್ರಿ ಸಾಹೇಬ್ರ, ಇಲ್ಲಿಂದನ ಸುರಪುರದ ಹೊಟ್ಟಿಯೊಳಗ ಕೈ ಹಾಕಿ ಹಳೇ ಕೀಲಿ ಅಳಸ್ತೀನಿ," ಎಂದು ಓಣಿಯ ಮೂಲಕ ಒಳಹೊಕ್ಕು, ಕೀಲಿ ಹುಡುಕಿ, ಅಳಿಸಿ, ಎದೆಯುಬ್ಬಿಸಿದ.

ಫೋನಿನಿಂದ ಬಬ್ಲುವಿನ ದನಿ ಬಂತು. "ಭಾಯ್, ನನ್ನ ಹಸರು ಲೈಟ್ ಹೋಯ್ತು."

ಹಾಶಿಮನ ಎದೆ ಇಳಿಯಿತು. ಕೈ ಹೋಗಿದ್ದು ಶಹಾಪುರದ ಹೊಟ್ಟೆಗೆ.

ಅಷ್ಟರಲ್ಲಿ ಇನ್ನೊಂದು ಫೋನು, "ಹಾಶಿಮಣ್ಣ, ನೀವು ಕೀಲಿ ಅಳಸ್ತೀನಿ ಅಂದ್ರಲ್ಲ, ಅದು ಇಲ್ಲೇ ಇತ್ತು. ನಾನ ಅಳಿಸಿ ಬಿಟ್ಟೆ," ಎಂದಿತು.

ಓಣಿಯ ಪುಟದಲ್ಲಿ ಈಗ ಹೊಸ ನಂಬರು ಹೊತ್ತ ಇಬ್ಬರು ಅಪರಿಚಿತರು ಬಾಗಿಲಲ್ಲಿ ನಿಂತು, ಒಳಗೆ ಬಿಡು ಎಂದು ಕೇಳುತ್ತಿದ್ದರು. ಯಾರು ಬಬ್ಲು, ಯಾರು ಸಂಘಮಿತ್ರಾ ಎಂಬ ಗುರುತಿಲ್ಲ. ಹೊರಗೆ ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಕೇಳಿತು. ಮರಿಲಿಂಗಪ್ಪ ಗಡಿಯಾರ ನೋಡಿಕೊಂಡ.

"ಇಬ್ಬರೂ ನಿಮ್ಮ ನಿಮ್ಮ ಪರದಿ ಮ್ಯಾಲಿನ ಹೊಸಾ ನಂಬರ್ ಓದ್ರಿ," ಎಂದ ಹಾಶಿಮ. "ಒಬ್ಬೊಬ್ಬರೇ. ಬಬ್ಲು, ಆಕಳಿಸಿ ಮುಗಸಿ ಓದು."

ಓದಿದರು. ಈ ಸಲ ಹಾಶಿಮ ಸೊಸೆಯನ್ನು ಮನೆತುಂಬಿಸಿಕೊಳ್ಳುವ ಅತ್ತೆಯಂತೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಹೆಸರು ಬರೆದು, ಒಳಗೆ ಬಿಟ್ಟ. ಪುಟದಲ್ಲಿ ಮೂರು ಮನೆ. ಸುರಪುರವನ್ನು ಕೂಗಿದ: ಓ. ಅದನ್ನು ಆರಿಸಿದ: ಮೌನ. ಇಷ್ಟು ಸುಖದ ಮೌನವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಂಘಮಿತ್ರಾಳಿಂದ ಮತ್ತೆ ಹಚ್ಚಿಸಿ, ಬ್ಯಾನರನ್ನು ನೇರ ಮಷಿನ್ನಿಗೆ ಬಿಟ್ಟ.

ಫ್ಲೆಕ್ಸ್ ಮಷಿನ್ ಒಂದೇ ಏಟಿಗೆ ಮುಖ ತೋರಿಸುವುದಿಲ್ಲ. ಅತ್ತಿಂದಿತ್ತ ಓಡಾಡಿ ಗೆರೆಗೆರೆಯಾಗಿ, ಮೇಲಿನಿಂದ ಕೆಳಗೆ, ಹೊಸ ಮದುಮಗಳ ಹಾಗೆ ನಾಚಿಕೊಂಡು ಬಿಚ್ಚುತ್ತದೆ. ಮೊದಲು ನೀಲಿ ಆಕಾಶ ಬಂತು. ಪಟಾಕಿ ಬಂತು. ಹೆಲಿಕಾಪ್ಟರಿನ ರೆಕ್ಕೆ ಬಂತು. ಆಮೇಲೆ ಬರಬೇಕಾದದ್ದು ತಲೆ. ಕೂದಲು ಬಂದರೆ ತಿಮ್ಮಣ್ಣ, ಮತ್ತು ನಾಳೆ ಬೆಳಗಿನ ಬಸ್ಸು.

ಮೂವರೂ ಮಷಿನ್ನಿನ ಮುಂದೆ ಬಗ್ಗಿ ನಿಂತರು. ಎರಡು ಫೋನುಗಳೂ ಉಸಿರು ಹಿಡಿದವು. ಮಷಿನ್ ಸರ್ರನೆ ಅತ್ತ ಹೋಯಿತು, ಇತ್ತ ಬಂತು. ತಲೆಯ ತುದಿ ಮೂಡಿತು. ಹೊಳೆಯುತ್ತಿತ್ತು. ಇನ್ನೊಂದು ಗೆರೆ. ಇನ್ನೂ ಹೊಳೆಯಿತು. ಹಣೆ ಶುರುವಾಗಿ, ಹಣೆ ಮುಂದುವರಿದು, ಸುರಪುರದಿಂದ ಯಾದಗಿರಿಯ ತನಕದ ಡಾಂಬರು ರಸ್ತೆಯ ಹಾಗೆ ಮುಗಿಯದೆ ಹರಡಿಕೊಂಡಿತು. ಒಂದು ಕೂದಲೂ ಇಲ್ಲ. ಇಡೀ ಭೂಮಂಡಲದಲ್ಲಿ ಬೋಳುತಲೆಯೊಂದನ್ನು ನೋಡಿ ಯಾರೂ ಹಾಶಿಮನಷ್ಟು ಸಂತೋಷಪಟ್ಟಿರಲಿಕ್ಕಿಲ್ಲ.

"ನಂದೇ," ಎಂದ ಮರಿಲಿಂಗಪ್ಪ, ಮೆಲ್ಲಗೆ ತನ್ನ ತಲೆ ಸವರಿಕೊಂಡು. ಕಪ್ಪು ಕನ್ನಡಕ ಬರುವ ಹೊತ್ತಿಗೆ ಅವನು ಹೆಂಡತಿಗೆ ಫೋನು ಹಚ್ಚಿದ್ದ. "ಹಣಮಿ, ಅನ್ನಕ್ಕ ಇಡು. ನಾ ಬದುಕಿ ಬರಾಕತ್ತೇನಿ."

ಬಣ್ಣ ಆರುವ ಮೊದಲೇ ಬ್ಯಾನರನ್ನು ಸುತ್ತಿ ಜೀಪಿಗೆ ಹಾಕಿ ಅವನು ಹೋದ ಮೇಲೆ, ಜಮಾಲಸಾಬರು ಹಾಶಿಮನ ಹೆಗಲ ಮೇಲೆ ಕೈಯಿಟ್ಟರು. "ಭಲೇ ಬೇಟಾ. ಬಸ್ಸಿನ ಮಾತು ಮುಗೀತು. ಗುರುಮಠಕಲ್‌ದಾಗ ಇನ್ನೊಂದು ಅಂಗಡಿ ತೆಗಿಬೇಕಂತ ಮಾಡೀನಿ. ಕಂಪ್ಯೂಟರ್ ತರಸ್ತೀನಿ, ಶಹಾಪುರದ್ದೇ ಅದರಾಗ ಕಾಪಿ ಹೊಡದ್‌ಬಿಡು. ನಾಳಿಗೇ ಚಾಲೂ ಆಗ್ತದ."

"ಕಾಪಿ ಹೊಡಿಬಾರ್ದ್ರಿ ಚಾಚಾ."

"ಯಾಕ? ಸುರಪುರಕ್ಕ ಹಂಗೇ ಮಾಡಿದ್ದೆಲ್ಲ."

ಹಾಶಿಮ ಶರಟಿನ ಮೇಲಿನ ಗುಂಡಿ ಹಾಕಿಕೊಂಡ. ಜಮಾಲಸಾಬರು ಅವನನ್ನು ನೋಡಿದರು, ಪರದೆಯ ಮೇಲಿನ ಮೂರು ಮನೆ ನೋಡಿದರು, ಮತ್ತೆ ಅವನನ್ನು ನೋಡಿದರು. ಮೂವತ್ತು ವರ್ಷ ಒಂದೇ ಸಿಂಹವನ್ನು ಸಾವಿರ ಜನರಿಗೆ ಮಾರಿದ ಮನುಷ್ಯ. ಕಾಪಿಯ ವಾಸನೆ ಅವರಿಗೆ ಗೊತ್ತಾಗದೆ ಇರುತ್ತದೆಯೇ?

"ಅಂದ್ರ," ಎಂದರು, "ಗುತ್ತೇದಾರನ್ನ ಕೊಂದವ ನೀನಽ."

"ಬದುಕಿಸಿದವನೂ ನಾನ ಅಲ್ಲೇನ್ರಿ?"

ಜಮಾಲಸಾಬರು ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ ನಗು ಒರೆಸಿಕೊಂಡು ಹೇಳಿದರು: "ಗುರುಮಠಕಲ್ ಅಂಗಡಿಯೊಳಗ ನೀನೇ ಹೋಗಿ ಕೂಡು. ಓಣಿನೂ ನಿಂದೇ, ಡಿಸೈನೂ ನಿಂದೇ. ತಪ್ಪಾದ್ರ ತೋರಿಸಾಕ ಇನ್ನೊಬ್ಬನ ಹೆಸರಿರಬಾರ್ದು. ಅಲ್ಲಿ ಮಂದಿ ತೆಲುಗಿನಾಗ ಬೈತಾರ, ನಿನಗ ತಿಳಿಯಂಗಿಲ್ಲ, ಅದೊಂದು ನಿನ್ನ ನಸೀಬು."

"ತೆಲುಗು ನನಗ ಬರದಿದ್ರ ಮತ್ತ ಯಾರಿಗಿ ಬರಬೇಕ್ರಿ ಚಾಚಾ," ಎಂದ ಹಾಶಿಮ. "ಹೈದರಾಬಾದಿನವರೇ ನನ್ನ ಕಡಿ ಬಂದು ಕಲತು ಹೋಗ್ಯಾರ."